ಹೆರಿಗೆಯ ಬಟ್ಟೆ

ಅಪೂರ್ವಾ ಬಿಳಿ ಕುರ್ತಾದ ತೋಳನ್ನು ಭುಜದವರೆಗೆ ಮಡಚಿ ಹಸುವಿನೊಳಗೆ ಕೈ ತೂರಿಸಿದಳು. ಕರುವಿನ ಒಂದು ಮುಂಗಾಲು ಸಿಕ್ಕಿತು. ಇನ್ನೊಂದು ಹಿಂದಕ್ಕೆ ಮಡಚಿಕೊಂಡಿತ್ತು.

ಹುಲ್ಲಿನ ಮೇಲಿಟ್ಟ ಫೋನಿನಲ್ಲಿ ತಮ್ಮ ಗುರುದತ್ ಕೂಗುತ್ತಿದ್ದ. "ಅಕ್ಕಾ, ಅಪ್ಪನ್ನ ಆಗಲೇ ತಂದು ಮಲಗಿಸಿದಾರೆ. ಈ ಸ್ಲಾಟ್ ಮಿಸ್ ಆದ್ರೆ ಸೋಮವಾರಾನೇ ಕ್ರಿಮೇಷನ್ ಅಂತೆ. ಬೇರೆ ವೆಟ್‌ಗೆ ಕಾಲ್ ಮಾಡೋಕಾಗಲ್ವಾ?"

"ಹತ್ತಿರ ಇದ್ದ ದನದ ಡಾಕ್ಟ್ರು ಅಪ್ಪ ಒಬ್ರೇ ಕಣೋ. ಕರುಗೆ ಇನ್ನೂ ಜೀವ ಇದೆ. ಬರ್ತೀನಿ."

ಅವಳು ರಾಕ್‌ವಿಲ್‌ನಲ್ಲಿ ನಾಯಿ-ಬೆಕ್ಕುಗಳ ಡಾಕ್ಟರು; ಅಪ್ಪನ ಅಂತ್ಯಕ್ರಿಯೆಗೆಂದು ಊರಿಗೆ ಬಂದಿದ್ದಳು. ಕಾಲೇಜು ಬಿಟ್ಟ ಮೇಲೆ ಹಸುವನ್ನು ಮುಟ್ಟಿರಲಿಲ್ಲ. ಬೆಳಿಗ್ಗೆ ಅಪ್ಪನ ಫೋನು ರಿಂಗಾದಾಗ ಎತ್ತಿದ್ದಳು. "ಅವನಿಲ್ಲ ಅಂತ ಗೊತ್ತು. ನನ್ನ ಹತ್ತಿರ ಇರೋದು ಇದೊಂದೇ ನಂಬರು," ಎಂದಿದ್ದಳು ಮೊರೀನ್.

ಅಮೆರಿಕದ ಷಾರ್ಲೆಟ್‌ನ ಹೊರಗೆ ಹಸು ಸಾಕಿಕೊಂಡಿದ್ದ ಐರಿಷ್ ಮುದುಕಿ ಅವಳು. ಗಬ್ಬದ ಹಸುಗಳ ಬಾಲಕ್ಕೆ ಕೆಂಪು ದಾರ ಕಟ್ಟುತ್ತಿದ್ದಳು. ಅಪೂರ್ವಾಳ ಅಪ್ಪ ದೂಮಪ್ಪ ನಗುತ್ತ ಇಂಜೆಕ್ಷನ್ ಕೊಡುತ್ತಿದ್ದರು.

ಈಗ ಮೊರೀನ್ ಮಾಸಿದ ಬಟ್ಟೆಯೊಂದನ್ನು ಹಿಡಿದು ಬಂದಳು. ಸಂತ ಬ್ರಿಜಿಡಳ ಹಬ್ಬದ ಮುನ್ನಾದಿನ ಬೇಲಿಯ ಮೇಲೆ ಹರವಿಟ್ಟರೆ ಸಂತಳು ಹಾದುಹೋಗುವಾಗ ಅದನ್ನು ಮುಟ್ಟುತ್ತಾಳೆ, ಆಮೇಲೆ ಎಂಥ ಹೆರಿಗೆಯೂ ಸಲೀಸು ಎಂಬುದು ಅವಳ ನಂಬಿಕೆ.

"ಪ್ಲೀಸ್, ಈಗ ಬೇಡ. ಅಪ್ಪ ಇದನ್ನೆಲ್ಲ ನಂಬ್ತಿರಲಿಲ್ಲ."

"ನೀನು ಹುಟ್ಟೋ ದಿನ ನಂಬಿದ್ದ."

*

ಅಂದು ದೂಮಪ್ಪ ಕಾರಿನ ಬಾಗಿಲನ್ನೂ ಮುಚ್ಚದೆ ಓಡಿ ಬಂದಿದ್ದರು.

"ಆ ಬಟ್ಟೆ ಕೊಡಿ."

"ಯಾವ ಹಸುವಿಗೆ?"

"ನನ್ನ ಹೆಂಡತಿಗೆ. ನಿನ್ನೆಯಿಂದ ಒದ್ದಾಡ್ತಿದಾಳೆ."

ಕೋಟಿನೊಳಗೆ ಬಚ್ಚಿಟ್ಟು ಒಯ್ದರು. ಆಮೇಲೆ ಇಸ್ತ್ರಿ ಮಾಡಿ ತಂದುಕೊಟ್ಟು, "ಆಸ್ಪತ್ರೆಯವರು ಚೆನ್ನಾಗಿ ನೋಡಿಕೊಂಡರು," ಎಂದಷ್ಟೇ ಹೇಳಿದರು.

*

"ಹೊದಿಸಿ," ಎಂದಳು ಅಪೂರ್ವಾ.

ನೋವಿನ ಅಲೆ ಇಳಿದಾಗ ಕರುವನ್ನು ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ, ಕಾಲನ್ನು ಮುಂದಕ್ಕೆ ತಿರುಗಿಸಿದಳು. ಇಬ್ಬರೂ ಸೇರಿ ಎಳೆದರು. ಕರು ಜಾರಿ ಹುಲ್ಲಿಗೆ ಬಿತ್ತು. ಉಸಿರಿರಲಿಲ್ಲ. ಮೂಗಿನೊಳಗೆ ಹುಲ್ಲುಕಡ್ಡಿ ತೂರಿಸಿದಳು. ಮತ್ತೊಮ್ಮೆ ತೂರಿಸಿದಳು. ಕರು ಸೀನಿತು.

ಚಿತಾಗಾರದ ಹೊರಗೆ ಗುರುದತ್ ಎದುರಾದ. "ಅಮ್ಮ ಬಾಗಿಲಿಗೇ ಕುರ್ಚಿ ಹಾಕ್ಕೊಂಡು ಕೂತಿದಾಳೆ. ನೀನು ಬರೋವರೆಗೂ ಏಳಲ್ವಂತೆ. ಇಲ್ಲಿನ ಸಿಬ್ಬಂದೀನೂ ಕಾಯ್ತಾ ನಿಂತಿದಾರೆ. ಮೊದಲು ಕೈ ತೊಳ್ಕೋ, ರಕ್ತ..."

ವಿನೋದಾ ಮಗಳನ್ನು ನೋಡಿ ಎದ್ದರು. ಗಂಡ ಕೊಟ್ಟಿಗೆಗಳಿಂದ ಮನೆಗೆ ಬಂದಾಗಲೆಲ್ಲ ಕೇಳುತ್ತಿದ್ದ ಧ್ವನಿಯಲ್ಲೇ ಕೇಳಿದರು: "ಕರು?"

"ಉಸಿರಾಡ್ತಿದೆ ಅಮ್ಮ. ಹೆಣ್ಣು."

ವಿನೋದಾ ಅವಳನ್ನು ನಲ್ಲಿಯ ಕಡೆಗೆ ಬಿಡಲಿಲ್ಲ. ಮಣಿಕಟ್ಟು ಹಿಡಿದು ಒಳಗೆ ಕರೆದೊಯ್ದು, ಸಗಣಿಯ ವಾಸನೆಯ ಆ ಕೈಯನ್ನು ದೂಮಪ್ಪನವರ ಇಸ್ತ್ರಿ ಮಾಡಿದ ಅಂಗಿಯ ಮೇಲೆ, ಎದೆಗೆ ಒತ್ತಿ ಹಿಡಿದರು.