ಐದು ವರ್ಷದ ದಾರೂ

ನನಗೆ ಅನುಮಾನ ಜಾಸ್ತಿ. ಹಾಲಿನವ ನೀರು ಬೆರೆಸಿದ್ದಾನೋ ಇಲ್ಲವೋ ಎಂದು ದಿನಾ ಬೆರಳದ್ದಿ ನೋಡುವವಳು ನಾನು. ಅಣ್ಣ ಜುನೈದ ನನ್ನನ್ನು ‘ಪೊಲೀಸ್ ಅರ್ಶಿಯಾ’ ಎಂದೇ ಕರೆಯುತ್ತಾನೆ. ಕರೆಯಲಿ, ನನಗೇನು! ಬೀದರಿನ ಈ ಆಸ್ಪತ್ರೆಯಲ್ಲಿ ನನಗೆ ಸಂಬಳ ಕೊಡುವುದೇ ಅನುಮಾನ ಪಡುವುದಕ್ಕೆ. ಡಾಕ್ಟರು ಬರೆದ ಕೇಸ್ ಪೇಪರ್ ಓದಿ ಪ್ರತಿ ರೋಗಕ್ಕೂ ಅದರ ಗುರುತಿನ ಸಂಖ್ಯೆ, ಅಂದರೆ ಕೋಡ್, ಹಾಕುವುದು ನನ್ನ ಕೆಲಸ. ಎಲುಬು ಸತ್ತ ಕೇಸು ಬಂದರಂತೂ ಎರಡು ಸಲ ಓದುತ್ತೇನೆ. ಎಲುಬು ಸುಮ್ಮಸುಮ್ಮನೆ ಸಾಯುವುದಿಲ್ಲ. ಕುಡಿತವೋ, ಯಾವುದೋ ಔಷಧಿಯೋ, ರಕ್ತದ ರೋಗವೋ, ಹಳೆಯ ಪೆಟ್ಟೋ ಹಿಂದೆ ಇದ್ದೇ ಇರುತ್ತದೆ. ಅದು ಗೊತ್ತಾಗದೆ ಸರಿಯಾದ ಕೋಡ್ ಬೀಳುವುದಿಲ್ಲ. ಹಾಗಂತ ನಾನಾಗಿ ಒಂದಕ್ಷರ ತಿದ್ದುವಂತಿಲ್ಲ. ಪ್ರಶ್ನೆ ಬರೆದು ಡಾಕ್ಟರಿಗೆ ಕಳಿಸಬೇಕು, ತಿದ್ದುವವರು ಅವರೇ.

ಆ ಮಂಗಳವಾರ ಬಂದ ಫೈಲು ಧೊಂಡಿಬಾನದು. ಔರಾದ ತಾಲ್ಲೂಕಿನ ಡಾಬಕಾ, ವಯಸ್ಸು ಐವತ್ತೆರಡು, ಕುರಿ ಸಾಕುವವ. ಬಲ ಸೊಂಟದ ಕೀಲಿನ ಎಲುಬು ರಕ್ತ ಸಿಗದೆ ಸತ್ತು, ಅದನ್ನು ತೆಗೆದು ಹೊಸ ಕೀಲು ಕೂಡಿಸಿದ್ದರು. ಎಡಗಡೆಗೂ ಈಗಷ್ಟೇ ಶುರುವಾಗಿದೆ ಎಂದು ಸ್ಕ್ಯಾನಿನಲ್ಲಿತ್ತು. ಕಾರಣ: ಐದು ವರ್ಷದಿಂದ ಮದ್ಯಪಾನ. ಸಲಹೆ: ಕುಡಿತ ಬಿಡಬೇಕು. ಸಂಜೆ ನಾಲ್ಕಕ್ಕೆ ಡಿಸ್ಚಾರ್ಜ್.

ಇಷ್ಟೇ ಆಗಿದ್ದರೆ ಕೋಡ್ ಹಾಕಿ ಮುಗಿಸುತ್ತಿದ್ದೆ. ಆದರೆ ಆಪರೇಶನ್ನಿಗೆ ಮೊದಲು ರೋಗಿಯ ಮೈಮೇಲಿಂದ ತೆಗೆದಿಟ್ಟ ವಸ್ತುಗಳ ಪಟ್ಟಿಯಲ್ಲಿ ‘ತುಳಸಿ ಮಾಲೆ, ಒಂದು’ ಎಂದಿತ್ತು. ಕೊರಳಲ್ಲಿ ತುಳಸಿ ಮಾಲೆ ಹಾಕಿಕೊಂಡ ವಿಠ್ಠಲನ ಭಕ್ತರು, ಮಾಳಕರಿಗಳು, ಕುಡಿಯುವುದಿಲ್ಲ. ಲಿವರಿನ ರಿಪೋರ್ಟೂ ಚೆನ್ನಾಗಿಯೇ ಇತ್ತು. ಮಾಲೆ ಹಾಕಿಕೊಂಡು ಕದ್ದು ಕುಡಿಯುವವರಿಲ್ಲವೇ? ಇರುತ್ತಾರೆ, ಬೆಳ್ಳಗಿರುವುದೆಲ್ಲ ಹಾಲಲ್ಲ. ಆದರೆ ಕಾರಣವೇ ತಪ್ಪಾಗಿದ್ದರೆ? ನಿಜವಾದ ಕಾರಣ ಆ ಮನುಷ್ಯನ ಜೊತೆಗೇ ಡಾಬಕಾಕ್ಕೆ ಹೋಗಿ ಎಡಗಡೆಯ ಎಲುಬನ್ನೂ ಕೊಲ್ಲುತ್ತದೆ.

ಕೇಸ್ ಬರೆದವರು ಮೂರು ತಿಂಗಳ ಹಿಂದೆ ಮೈಸೂರಿನಿಂದ ಬಂದ ಚಿಕ್ಕ ಡಾಕ್ಟರು. ಹೋಗಿ ಕೇಳಿದೆ.

“ನಾನ್ಯಾಕೆ ಸುಳ್ಳು ಬರೀಲಿ ಮೇಡಂ? ಅವರ ಹೆಂಡತೀನೇ ಹೇಳಿದ್ದು, ಐದು ವರ್ಷದಿಂದ ದಾರೂ ನಡೀತಿದೆ ಅಂತ,” ಎಂದು ನಕ್ಕರು. “ನಿಮ್ಮ ಕಡೆ ಭಾಷೆ ಈಗ ನನಗೂ ಬರುತ್ತೆ.”

ಹೆಂಡತಿಯೇ ಹೇಳಿದ್ದಾಳೆ ಅಂದಮೇಲೆ ಮುಗಿಯಿತಲ್ಲ! ಆದರೂ ನನ್ನ ಅನುಮಾನ ಹೋಗಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ. ವಾರ್ಡಿಗೆ ನಡೆದೆ.

ಧೊಂಡಿಬಾ ನಿದ್ದೆ ಹೋಗಿದ್ದ. ಮಂಚದ ಪಕ್ಕ ನೆಲದ ಮೇಲೆ ಅವನ ಹೆಂಡತಿ ಸಖುಬಾಯಿ ಕೂತಿದ್ದಳು.

“ಅವ್ವಾ, ಇವರ ದಾರೂ ವಿಷಯ ಕೇಳ್ಬೇಕಾಗಿತ್ರಿ,” ಎಂದೆ.

ಅವಳ ಕೈ ತಟ್ಟನೆ ಬಗಲಿನ ಬಟ್ಟೆಚೀಲಕ್ಕೆ ಹೋಯಿತು. ಮೆಲ್ಲಗೆ ಅದನ್ನು ಮಂಚದ ಕೆಳಗೆ ಸರಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಸಿಕ್ಕಿಬಿದ್ದೆಯಲ್ಲ ಎಂದುಕೊಂಡೆ.

“ಯಾರ್ ತಂದ್ ಕೊಡ್ತಿದ್ರು?”

“ಬ್ಯಾರೆ ಯಾರ್ ಕೊಡ್ತಾರ್ರಿ? ನಾನೇ. ಮುಂಜಾನಿ ಒಮ್ಮಿ, ಸಂಜಿಗೊಮ್ಮಿ.”

ಯಾ ಅಲ್ಲಾ! ಮುಂಜಾನೆಯೂ! ನನಗೆ ಸಿಟ್ಟು ನೆತ್ತಿಗೇರಿತು.

“ಕೈಯಾರೆ ಕೊಡ್ಲಾಕ ನಿಮಗ ನಾಚಿಕಿ ಬರ್ಲಿಲ್ಲೇನ್ರಿ?”

“ನಾಚಿಕಿ ಯಾಕ್ರಿ? ಗಂಡಗ ಉಬ್ಬಸ ಇದ್ರ ಹೆಂಡ್ತಿ ನೋಡ್ಬಾರ್ದೇನ್ರಿ? ಹಾಲಿನ ಸಂಗಟ ಕೊಡ್ತೇನಿ.”

ಹಾಲಿನ ಜೊತೆ ಯಾರಾದರೂ ಸೆರೆ ಕುಡಿಯುತ್ತಾರೆಯೇ? ನಮ್ಮ ಅಜ್ಜಿ ಮಹಮೂದಾ ಬೇಗಂ ತಲೆನೋವಿನ ಔಷಧಿಗೂ ‘ದವಾ-ದಾರೂ’ ಎನ್ನುತ್ತಿದ್ದಳು. ಆ ಮಾತು ಕೇಳುತ್ತಲೇ ಬೆಳೆದ ನಾನೂ ಸೆರೆ ಎಂದೇ ತಿಳಿದಿದ್ದೆ. ಮೈಸೂರಿನವರನ್ನು ಏನಂತ ಬೈಯಲಿ!

“ದವಾ-ದಾರೂ ಅಂದ್ರಾ ನೀವು? ಗುಳಿಗಿ?”

“ಮತ್ತೇನ್ರಿ!” ಅವಳ ಕಣ್ಣು ಕೆಂಪಾದವು. “ವಿಠ್ಠಲಾ! ಆ ಕುಡಿಯೋ ದಾರೂ ಅಂತ ತಿಳ್ಕೊಂಡ್ರೇನ್ರಿ? ಅದಕ್ಕೇ ನಿನ್ನಿ ನರ್ಸಬಾಯಿ ಅವರಿಗಿ ಕುಡುಕ ಅಂದ್ಲು. ಇವರು, ನಮ್ಮ ಸೋನಾಲಿ ಅಪ್ಪ, ಹನಿ ಸೈತ ಮುಟ್ಟಿಲ್ರಿ. ನರ್ಸಬಾಯಿ ಅಂದದ್ದು ಕೇಳಿ ರಾತ್ರಿ ಊಟ ಮಾಡಿಲ್ಲ ಅವರು.”

ನನಗೆ ಮುಖ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ತಪ್ಪಾಯಿತು ಎಂದೆ. ಆದರೂ ಕಣ್ಣು ಮಂಚದ ಕೆಳಗೇ ಹೋಗುತ್ತಿತ್ತು.

“ಚೀಲ ಯಾಕ ಮುಚ್ಚಿಟ್ರಿ ಅವ್ವಾ?”

“ಹೊರಗಿನ ಗುಳಿಗಿ ಕಸ್ಕೋತಾರಂತಲ್ರಿ ಇಲ್ಲಿ. ತಪ್ಪಬಾರ್ದಂತ ಕದ್ದು ಕೊಡ್ಲತ್ತೇನಿ.”

ಕಸಿಯುವುದಿಲ್ಲ ಎಂದು ನಾನು ಆಣೆ ಮಾಡಿದ ಮೇಲೆ ಚೀಲ ಬಿಚ್ಚಿದಳು. ಸಣ್ಣ ಬಿಳಿ ಗುಳಿಗೆಗಳು, ಸ್ಟೆರಾಯ್ಡ್. ಉಬ್ಬಸಕ್ಕೆ ಅಂದೇ ಆರಾಮ ಕೊಡುತ್ತವೆ, ವರ್ಷಗಟ್ಟಲೆ ನುಂಗಿದರೆ ಎಲುಬಿಗೆ ರಕ್ತ ಹೋಗದಂತೆ ಮಾಡಬಲ್ಲವು. ಜೊತೆಗೆ ಒಂದು ಚೀಟಿ, ಲ್ಯಾಮಿನೇಶನ್ ಮಾಡಿಸಿದ್ದು.

“ಭಾಲ್ಕಿ ಡಾಕ್ಟರ್ ಬರ್ದ್ ಕೊಟ್ಟಿದ್ರಿ. ಹರೀಬಾರ್ದಂತ ಔರಾದದಾಗ ಪ್ಲಾಸ್ಟಿಕ್ ಹಾಕಿಸ್ದೆ. ತೋರಿಸಿದ್ರ ಯಾ ಅಂಗಡ್ಯಾಗಾದ್ರೂ ಕೊಡ್ತಾರ.”

ಐದು ವರ್ಷ ಇದನ್ನು ನುಂಗು ಎಂದು ಬರೆದ ಆ ಭಾಲ್ಕಿಯ ಮಹಾಶಯ ಯಾರು? ಅವನ ಜನ್ಮ ಜಾಲಾಡಬೇಕೆಂದೇ ಚೀಟಿ ಓದಿದೆ. ಗುಳಿಗೆಯ ಹೆಸರಿನ ಕೆಳಗೆ ದುಂಡಗೆ, ಎರಡು ಗೆರೆ ಎಳೆದು ಇಂಗ್ಲಿಷಿನಲ್ಲಿ ಬರೆದಿದ್ದ: ಐದು ದಿನ ಮಾತ್ರ.

“ಎಲ್ಲಾ ಬರೋಬರ್ ಅದಲ್ರಿ?” ಸಖುಬಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. “ಒಂದಿನಾನೂ ತಪ್ಪಿಸಿಲ್ಲ ನಾ.”

ಹೌದು ಅವ್ವಾ, ಬರೋಬರ್ ಅದ ಎಂದು ಹೇಳಿ ಓಡಿಹೋಗಬೇಕೆನಿಸಿತು. ಆದರೆ ಎಡಗಡೆಯ ಎಲುಬು ಇನ್ನೂ ಪೂರ್ತಿ ಸತ್ತಿರಲಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ.

ಅವಳು ಅಳಲಿಲ್ಲ. ಚೀಟಿ ಇಸಿದುಕೊಂಡಳು.

“ಎಲ್ಲದ್ರಿ ಅದು? ಐದು ದಿನ ಅಂದಿದ್ದು?”

ಬೆರಳಿಟ್ಟು ತೋರಿಸಿದೆ. ಅವಳೂ ಅಲ್ಲೇ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಗುಳಿಗೆಗಳನ್ನೆಲ್ಲ ಬಾಚಿಕೊಂಡು, “ಈಗೇ ಚೆಲ್ತೇನಿ,” ಎಂದು ಎದ್ದಳು.

ಕೈ ಹಿಡಿದೆ. “ಬ್ಯಾಡ್ರಿ! ಒಮ್ಮಿಗೇ ಬಿಟ್ರ ಜೀವಕ್ಕೇ ಅಪಾಯ. ಡಾಕ್ಟರ್ ಸ್ವಲ್ಪಸ್ವಲ್ಪ ಕಡಿಮಿ ಮಾಡಿ ಬಿಡಿಸ್ತಾರ. ಉಬ್ಬಸಕ್ಕ ಬ್ಯಾರೆ ಔಷಧಿ ಕೊಡ್ತಾರ. ಅದಕ್ಕೇ ಇದನ್ನ ನಾ ಬರ್ದು ಅವರಿಗಿ ಕೊಡ್ಬೇಕು.”

ಪ್ರಶ್ನೆಯ ಹಾಳೆ ತೊಡೆಯ ಮೇಲಿಟ್ಟುಕೊಂಡೆ. ಔಷಧಿ ಕೊಟ್ಟವರು ಯಾರು ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಓದು ಬರದಿದ್ದರೂ ಅವಳಿಗೆ ತಿಳಿಯಿತು.

“ನಾನೇ ಕೊಟ್ಟೇನಿ ಅಂತ ಬರೀರಿ. ಸಖುಬಾಯಿ ಅಂತ ಹೆಸರು ಹಾಕ್ರಿ,” ಎಂದಳು. ಗಂಡನ ಕಡೆ ನೋಡಿ ದನಿ ತಗ್ಗಿಸಿದಳು. “ಆದ್ರ ಮೊದಲ ಆ ಕುಡುಕ ಅನ್ನೋದು ಹೊಡ್ದ್ ಹಾಕಸ್ರಿ. ಅವರು ಏಳೋದ್ರೊಳಗ.”