ಕಾಲುವೆ ದಂಡೆಯ ಚಪ್ಪಲಿ

ಸಿರುಗುಪ್ಪದ ಕಾಲುವೆಗೆ ಯಾರೋ ಬಿದ್ದರಂತೆ ಎಂಬ ಗಾಳಿಸುದ್ದಿ ಹಿಡಿದು ಟೀವಿ ವರದಿಗಾರ ಭೀಮರಾಜ ಬಳ್ಳಾರಿಯ ಪಾರ್ವತಿನಗರದಿಂದ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬಂದ. ರೈಸ್‌ಮಿಲ್ ಹಮಾಲಿ ಓಬಣ್ಣ ಹಿಂದಿನ ದಿನದಿಂದ ಮನೆಗೆ ಬಂದಿರಲಿಲ್ಲ, ಫೋನೂ ಬಂದ್. ಊರಿಗೆ ಅಷ್ಟು ಸಾಕಾಗಿತ್ತು, ಚಾನೆಲ್ಲಿಗಂತೂ ಬೇಕಾದಷ್ಟಾಗಿತ್ತು.

ಆದರೆ ಓಬಣ್ಣನ ಹೆಂಡತಿ ಜೋಗಮ್ಮ ಅಳುತ್ತಿರಲಿಲ್ಲ. ಮನುಷ್ಯ ಸಿಗುವ ಮೊದಲೇ ಅತ್ತರೆ ಅವನನ್ನು ನಾವೇ ಸಾವಿಗೆ ಕಳಿಸಿಕೊಟ್ಟಂತೆ ಎಂಬುದು ಆ ಸೀಮೆಯ ನಂಬಿಕೆ. ಸೆರಗಿನ ತುದಿ ಕಚ್ಚಿಕೊಂಡು ಹೊಸ್ತಿಲ ಬಳಿ ಕೂತಿದ್ದಳು. ಚಾನೆಲ್ಲಿನ ಬೆಂಗಳೂರು ಸುದ್ದಿ ಡೆಸ್ಕಿನಿಂದ ಭೀಮರಾಜನಿಗೆ ಮೂರನೇ ಸಲ ಫೋನು ಬಂತು. ಸಪ್ಪೆ ಮುಖ ಯಾರು ನೋಡುತ್ತಾರೆ, ಹನ್ನೊಂದರ ಬುಲೆಟಿನ್ನಿಗೆ ಅಳು ಬೇಕು ಎಂದರು.

ಭೀಮರಾಜ ಅವಳ ಪಕ್ಕ ಮೊಣಕಾಲೂರಿದ. ಅದೇ ಸೀಮೆಯಲ್ಲಿ ಬೆಳೆದವನು, ಆ ನಂಬಿಕೆ ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ.

"ಅಕ್ಕಾ, ಕಾಲುವಿ ದಂಡಿ ಮ್ಯಾಲ ಗಂಡಸರ ಚಪ್ಪಲಿ ಸಿಕ್ಕಾವಂತ."

ಚಪ್ಪಲಿಯೂ ಇರಲಿಲ್ಲ, ಗಿಪ್ಪಲಿಯೂ ಇರಲಿಲ್ಲ. ಜೋಗಮ್ಮ ಎದೆ ಬಡಿದುಕೊಂಡು ನೆಲಕ್ಕೆ ಬಿದ್ದಳು. ಹನ್ನೊಂದಕ್ಕೆ ರಾಜ್ಯವೆಲ್ಲ ನೋಡಿತು. ಅದೇ ಬಿಕ್ಕು ನಾಲ್ಕು ಸಲ, ಹಿಂದೆ ಕೊಳಲು ಬೇರೆ. ಡೆಸ್ಕಿನವರು ಭೇಷ್ ಎಂದರು. ಅವನಿಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಬೇಕು.

ಮರುದಿನ ಓಬಣ್ಣ ನಡೆದುಕೊಂಡು ಮನೆಗೆ ಬಂದ. ಅಕ್ಕಿ ಲಾರಿ ಹತ್ತಿ ಕುರುಗೋಡಿಗೆ ಹೋಗಿದ್ದನಂತೆ, ಬಾದನಹಟ್ಟಿ ಹತ್ತಿರ ಲಾರಿ ಕೆಟ್ಟು ನಿಂತಿತಂತೆ, ಫೋನಿನ ಚಾರ್ಜೂ ಮುಗಿದಿತ್ತಂತೆ. ಡೆಸ್ಕಿಗೆ ಈಗ ಆನಂದಬಾಷ್ಪ ಬೇಕಾಯಿತು. ಭೀಮರಾಜನೇ ಮತ್ತೆ ಹೋಗಬೇಕಾಯಿತು.

ಬದುಕಿರುವ ಗಂಡನಿಗೆ ಅತ್ತವಳೆಂದು ಓಣಿಯವರು ಆಗಲೇ ಅವಳನ್ನು ಆಡಿಕೊಳ್ಳುತ್ತಿದ್ದರು. ಬೈಸಿಕೊಳ್ಳಲು ತಯಾರಾಗಿಯೇ ಅವನು ಒಳಗೆ ಕಾಲಿಟ್ಟ. ಜೋಗಮ್ಮ ಬೈಯಲಿಲ್ಲ. ಚಹಾ ಕೊಟ್ಟಳು, ಎದುರಿಗೆ ಕೂತಳು, ದನಿ ತಗ್ಗಿಸಿದಳು.

"ಅಣ್ಣಾ, ಆ ಚಪ್ಪಲಿ ಯಾರವಂತ ಗೊತ್ತಾತೇನ್ರಿ? ಪಾಪ, ಅವನ ಹೆಂಡ್ತಿಗೆ ಯಾರರ ಹೇಳ್ಯಾರೋ ಇಲ್ಲೋ. ಗಂಟಲಾಗ ಅನ್ನ ಇಳೀವಲ್ದು ನನಗ."

ಭೀಮರಾಜನ ಮುಖ ಕಾದುಹೋಯಿತು. ಇಂಥ ನಾಚಿಕೆ ಅವನು ಜನ್ಮದಲ್ಲಿ ಕಂಡಿರಲಿಲ್ಲ. ಚಪ್ಪಲಿಯೇ ಇರಲಿಲ್ಲ ಎನ್ನಲು ಬಾಯಿ ತೆರೆದ. ಬಂದದ್ದು ಮಾತ್ರ, ಗೊತ್ತಿಲ್ಲಕ್ಕಾ ಎಂಬ ಇನ್ನೊಂದು ಸುಳ್ಳು.

ಅವಳು ಕ್ಯಾಮೆರಾದತ್ತ ಕೈ ತೋರಿದಳು.

"ಹಂಗಾದ್ರ ನಿಮ್ಮ ಟೀವ್ಯಾಗ ಒಂದ್ಸಲ ಕೇಳ್ರಿ, ಯಾರವಂತ. ಮಂದಿ ನೋಡ್ಬೇಕಂದ್ರ ನಾ ಇನ್ನೊಮ್ಮಿ ಅಳ್ತೀನಿ."