ಸಿನಿಮಾದಾಗಿನ ಕೈ

ಯಮುನವ್ವನ ಬಲಗೈ ಮಣಿಕಟ್ಟಿನಿಂದ ಮುಂದಕ್ಕಿಲ್ಲ. ಶಿರೋಳಿಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಮಶೀನು ಅದನ್ನು ತಿಂದಿತ್ತು.

ಕೈ ಒಳಗೆ ಸಿಗಬಾರದೆಂದು ಆ ಮಶೀನಿಗೆ ಕಬ್ಬಿಣದ ಜಾಳಿ ಇತ್ತು. ಜಾಳಿ ಇದ್ದರೆ ಕೆಲಸ ನಿಧಾನ. ಅದಕ್ಕೆ ಮಾಲಕ ಕೇದಾರಿ ಶೇಟ ಅದನ್ನು ಬಿಚ್ಚಿಸಿ ಮೂಲೆಗೆ ಇಡಿಸಿದ್ದ. ಕೈ ಹೋದ ದಿನ ಸಂಜೆಯೇ ಜಾಳಿ ಮತ್ತೆ ಮಶೀನಿನ ಮೇಲೆ ಬಂತು. ಸರಕಾರದ ಸಾಹೇಬ ಬಂದು ನೋಡಿದ. ಜಾಳಿ ಐತಲ್ಲ, ಹೆಂಗಸಿನದೇ ತಪ್ಪು ಎಂದು ಚಹಾ ಕುಡಿದು ಹೋದ. ಸಾಹೇಬ ಅತ್ತ ಹೋಗುತ್ತಲೇ ಜಾಳಿ ಇತ್ತ ಮೂಲೆ ಸೇರಿತು. ಯಮುನವ್ವನ ಜಾಗಕ್ಕೆ, ಅದೇ ಮಶೀನಿನ ಮುಂದೆ, ಜೊತೆಗಾರ್ತಿ ಕಾಂಚನಳನ್ನು ನಿಲ್ಲಿಸಿದರು.

ಯಮುನವ್ವ ದಾನೋಳಿಗೆ ಮರಳಿದಳು. ಕೈಗಿಂತ ಹೆಚ್ಚು ಉರಿದದ್ದು ತಪ್ಪು ಅವಳದೇ ಎಂಬ ಆ ಮಾತು. ಸಂತೆಗೆ ಹೋದರೂ, ಬಸ್ಸು ಹತ್ತಿದರೂ ಜನ ಕೇಳುತ್ತಿದ್ದರು, ಧ್ಯಾನ ಎಲ್ಲಿತ್ತವ್ವಾ ನಿಂದು ಅಂತ.

ಅವಳ ತಮ್ಮ ಮಲ್ಲಾರಿ ಇಚಲಕರಂಜಿಯಲ್ಲಿ ಮಗ್ಗ ನಡೆಸುವವನು. ಊರ ನಾಟಕಗಳಲ್ಲಿ ಬಣ್ಣ ಹಚ್ಚಿದವನು. ಅಕ್ಕನ ಸಂಕಟ ನೋಡಲಾರದೆ ತಾನೇ ಒಂದು ನಾಟಕ ಬರೆದ. ಮುಂದಿನ ಕಾಲದ ಕತೆ ಅದು. ಮಾಲಕ ಮಶೀನುಗಳ ಜಾಳಿ ಬಿಚ್ಚಿಸುತ್ತಾನೆ. ಕೈ ಕಳೆದುಕೊಂಡವರಿಗೆಲ್ಲ ಕಂಪನಿ ಕಬ್ಬಿಣದ ಕೈ ಜೋಡಿಸುತ್ತದೆ. ಆ ಕೈಗಳ ಬಟನ್ ಮಾತ್ರ ಮಾಲಕನ ಹತ್ತಿರ. ಕೆಲಸ ನಿಲ್ಲಿಸಿದರೆ ಕೈ ತಾನಾಗಿ ಎದ್ದು ಅವರ ಕುತ್ತಿಗೆಯನ್ನೇ ಹಿಡಿಯುತ್ತದೆ. ಕೊನೆಗೆ ಒಬ್ಬ ಹೆಂಗಸು ತನ್ನ ಕಬ್ಬಿಣದ ಕೈ ಕಿತ್ತು ಮಾಲಕನ ಟೇಬಲ್ ಮೇಲೆ ಇಡುತ್ತಾಳೆ. ಅವಳ ಹಿಂದೆ ಎಲ್ಲರೂ ಇಡುತ್ತಾರೆ.

ಉದಗಾಂವದಲ್ಲಿ ಈ ನಾಟಕ ಆಡಿದಾಗ ಕೊಲ್ಲಾಪುರದ ವಿಕಾಸ ಎಂಬ ಸಿನಿಮಾದವನು ನೋಡಲು ಬಂದಿದ್ದ. ಇಂಥ ಕತೆಗೆ ಸೈಬರ್‌ಪಂಕ್ ಅಂತಾರೆ, ನಮ್ಮ ಕಡೆ ಯಾರೂ ಮಾಡಿಲ್ಲ, ನಾನು ಮಾಡುತ್ತೇನೆ ಎಂದ. ಮಲ್ಲಾರಿ ಕೇಳಿದ್ದು ಎರಡೇ ಮಾತು. ಜಾಳಿ ಬಿಚ್ಚಿಸಿದ್ದು ಯಾರು ಎಂಬುದು ಬದಲಾಗಬಾರದು. ಕೊನೆ ಬದಲಾಗಬಾರದು. ವಿಕಾಸ ಯಮುನವ್ವನ ಕಾಲು ಮುಟ್ಟಿ ಒಪ್ಪಿಕೊಂಡ. ಸಿನಿಮಾಕ್ಕೆ ಬಂಡವಾಳ ಯಾರದು ಎಂದು ಕೇಳುವುದು ಇವರಿಗೆ ಹೊಳೆಯಲಿಲ್ಲ.

ಇಚಲಕರಂಜಿಯ ಟಾಕೀಜಿನಲ್ಲಿ ಮೊದಲ ಆಟ. ಮಗ್ಗದವರು ಪಾಳಿ ಬಿಟ್ಟು ಬಂದಿದ್ದರು. ಕಾಂಚನ ಮತ್ತು ಶಿರೋಳಿ ಕಾರ್ಖಾನೆಯ ಉಳಿದ ಹೆಂಗಸರು ಒಂದು ಟೆಂಪೋ ಮಾಡಿಕೊಂಡು ಬಂದಿದ್ದರು. ಮುಂದಿನ ಸಾಲಿನ ಸೋಫಾದಲ್ಲಿ ವಿಕಾಸನ ಪಕ್ಕ ಕೇದಾರಿ ಶೇಟ ಕುಳಿತಿದ್ದ. ಬಂಡವಾಳ ಯಾರದೆಂದು ಮಲ್ಲಾರಿಗೆ ಆಗ ತಿಳಿಯಿತು.

ಪರದೆಯ ಮೇಲೆ ಹಾರುವ ಟ್ರಕ್ಕು ಬಂದಾಗ ಹುಡುಗರು ಸಿಳ್ಳೆ ಹೊಡೆದರು. ಸಿಳ್ಳೆ ಅಲ್ಲಿಗೇ ಮುಗಿಯಿತು. ನೀಲಿ ಬೆಳಕು, ಹೊಗೆ, ಯಾವ ಊರೆಂದು ತಿಳಿಯದ ಊರು. ನಾಯಕಿ ಮೊಬೈಲ್ ನೋಡುತ್ತ ತಾನೇ ಜಾಳಿ ಸರಿಸಿ ಕೈ ಕೊಟ್ಟಳು. ಮಾಲಕನ ಮಗ ಕಣ್ಣೀರು ಹಾಕಿ ಅವಳಿಗೆ ಕಬ್ಬಿಣದ ಕೈ ಮಾಡಿಸಿದ. ಕೆಲಸ ನಿಲ್ಲಿಸಿದವರ ಕಣ್ಣಲ್ಲಿ ಕೆಂಪು ದೀಪ ಹತ್ತಿ ಅವರು ರಾಕ್ಷಸರಾದರು. ನಾಯಕಿ ಅದೇ ಕೈಯಿಂದ ಅವರನ್ನು ಬಡಿದಳು.

ಕಾಲೇಜಿನ ಹುಡುಗರು ಆಕಳಿಸಿ ಮೊಬೈಲ್ ತೆಗೆದರು. ಹಿಂದಿನಿಂದ ಒಬ್ಬ ಗೋಷ್ಟಚ ನಾಹೀ, ಕತಿನ ಇಲ್ಲ, ಅಂದ. ಕೆಲವರು ನಕ್ಕರು. ಶಿರೋಳಿಯ ಹೆಂಗಸರು ನಗಲಿಲ್ಲ.

ಮಧ್ಯಂತರದಲ್ಲಿ ಟಿವಿಯವರು ವಿಕಾಸನ ಮುಂದೆ ಮೈಕ್ ಹಿಡಿದರು. ಮೂಲ ಕತೆಯೇ ಹಳ್ಳಿ ನಾಟಕ, ಅದರಲ್ಲಿ ಸತ್ವ ಕಡಿಮೆ, ನಮ್ಮ ಕೈಲಾದಷ್ಟು ಎತ್ತಿದ್ದೇವೆ ಎಂದು ಅವನು ಹೇಳುತ್ತಿದ್ದ. ಮಲ್ಲಾರಿ ಮುಷ್ಟಿ ಬಿಗಿದು ಅವನತ್ತ ನಡೆದ. ಯಮುನವ್ವ ಎಡಗೈಯಿಂದ ಅವನ ಅಂಗಿ ಹಿಡಿದು ಎಳೆದಳು.

"ಬಾ, ಕುಂದರು. ಪೂರಾ ನೋಡೂಣು."

ಕೊನೆಗೆ ನಾಯಕಿ ಮಾಲಕನ ಮಗನ ಕೈ ಹಿಡಿದಳು. ಸಿನಿಮಾ ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ದೀಪ ಹತ್ತಿದ ಕೂಡಲೆ ವಿಕಾಸ ವೇದಿಕೆ ಏರಿ, ಈ ಕತೆಗೆ ಸ್ಫೂರ್ತಿಯಾದ ತಾಯಿಗೆ ಶೇಟರ ಹಸ್ತದಿಂದ ಸತ್ಕಾರ ಎಂದು ಸಾರಿದ. ಯಮುನವ್ವ ಮೆಲ್ಲಗೆ ಮೆಟ್ಟಿಲು ಹತ್ತಿದಳು. ಕೇದಾರಿ ಶೇಟ ಶಾಲು ಹೊದಿಸಿ ಕೆಳಗಿಳಿದು ಕುಳಿತ. ಶೇಟರಿಗೆ ಆಭಾರ ಅಂತ ಎರಡು ಮಾತು ಹೇಳು ಮಾವಶಿ ಎಂದು ವಿಕಾಸ ಪಿಸುಗುಟ್ಟಿದ.

ಅವಳು ಎಡಗೈಯಲ್ಲಿ ಮೈಕ್ ತೆಗೆದುಕೊಂಡಳು. ಶಾಲು ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ.

"ಜಾಳಿ ನಾ ತಗದಿಲ್ರಿ. ತಗಸಿದವ್ರು ಇಲ್ಲೇ ಮುಂದ ಕುಂತಾರ."

ಮೈಕ್ ಬಂದಾಯಿತು. ವಿಕಾಸ ಅವಳ ತೋಳಿಗೆ ಕೈ ಹಾಕಿದ. ಅವಳು ಕೊಸರಿಕೊಂಡು ಮುಂದೆ ಬಂದಳು. ಮೈಕಿಲ್ಲದೆಯೇ ದನಿ ಎತ್ತಿದಳು.

"ಕಾಂಚನಾ, ಇವತ್ತರೆ ನಿನ್ನ ಮಶೀನಿಗೆ ಜಾಳಿ ಇತ್ತೇನ?"

ಕೇದಾರಿ ಶೇಟ ತಿರುಗಿ ನೋಡಿದ. ಟೆಂಪೋದಲ್ಲಿ ಬಂದ ಹೆಂಗಸರು ತಲೆ ತಗ್ಗಿಸಿದರು. ಕಾಂಚನಳ ಗಂಡ ಹಾಸಿಗೆ ಹಿಡಿದಿದ್ದ. ಮಕ್ಕಳು ಸಣ್ಣವು. ಮನೆ ನಡೆಯುವುದು ಅವಳ ಕೆಲಸದಿಂದ. ಇದು ಶೇಟನಿಗೂ ಗೊತ್ತು, ಯಮುನವ್ವನಿಗೂ ಗೊತ್ತು. ಕೇಳಬಾರದಿತ್ತೇನೋ ಎಂದು ಯಮುನವ್ವನಿಗೆ ಒಂದು ಕ್ಷಣ ಅನಿಸಿತು.

ಕಾಂಚನ ಎದ್ದಳು. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಇರಲಿಲ್ಲಕ್ಕಾ. ಒಂದ ದಿನಾನೂ ಇಲ್ಲ."

ಅವಳ ಪಕ್ಕದವಳೂ ಎದ್ದು ನಿಂತಳು. ನನ್ನ ಮಶೀನಿಗೂ ಇಲ್ರಿ ಅಂದಳು. ಇನ್ನೊಬ್ಬಳು ಎದ್ದಳು. ಮಗ್ಗದವರು ಎದ್ದರು. ಆಗಲೇ ಬಾಗಿಲವರೆಗೆ ಹೋಗಿದ್ದ ಕಾಲೇಜಿನ ಹುಡುಗರು ತಿರುಗಿ ಬಂದು ನಿಂತರು. ಒಬ್ಬ ಹುಡುಗಿ ವಿಕಾಸನಿಗೆ ಮರಾಠಿಯಲ್ಲಿ ಕೇಳಿದಳು, ಈ ಕತೆ ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರಿ ಅಂತ. ಕೇದಾರಿ ಶೇಟ ಪಕ್ಕದ ಬಾಗಿಲಿನಿಂದ ಹೊರಬಿದ್ದ.

ಸಿನಿಮಾ ನೋಡಲು ಆಮೇಲೆ ಜನ ಬರಲಿಲ್ಲ. ಟಾಕೀಜಿನವರು ಬೇರೆ ಚಿತ್ರ ಹಾಕಿದರು. ಆದರೆ ಶಿರೋಳಿಯಲ್ಲಿ ಮರುದಿನ ಬೆಳಿಗ್ಗೆಯೇ ಲೆಕ್ಕಾಚಾರ ಬೇರೆಯಾಗಿತ್ತು. ವಾಚಮನ್ ಗೇಟಿನಲ್ಲಿ ಕಾಂಚನಳನ್ನು ತಡೆದು, ಇವತ್ತಿನಿಂದ ಬರಬೇಡ ಅಂದಾನ ಶೇಟ ಎಂದ. ಉಳಿದವರು ಒಳಗೆ ಹೋಗಬಹುದಿತ್ತು. ಯಾರೂ ಹೋಗಲಿಲ್ಲ. ಬಿಸಿಲೇರುತ್ತ ಬಂತು. ಒಳಗಿನ ಮಶೀನುಗಳ ಸದ್ದಿಲ್ಲ. ದಾನೋಳಿಯಿಂದ ಯಮುನವ್ವ, ಇಚಲಕರಂಜಿಯಿಂದ ಮಲ್ಲಾರಿ ಬಂದು ಅವರ ಜೊತೆ ನಿಂತರು.

ಸೂಪರ್‌ವೈಸರ್ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ. ಎಲ್ಲ ಮಶೀನಿಗೂ ಜಾಳಿ ಕೂಡಿಸಿದ್ದೇವೆ, ಬೇಕಾದರೆ ಬಂದು ನೋಡಿರಿ, ಈ ಒಬ್ಬಾಕೆಯನ್ನು ಬಿಟ್ಟು ಎಲ್ಲರೂ ಕೆಲಸಕ್ಕೆ ನಡೆಯಿರಿ ಎಂದ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಯಾವತ್ತೂ ಬಾಯಿ ಬಿಡದ ಮಂಗಲ ಗೇಟಿನ ಸರಳು ಹಿಡಿದಳು.

"ಮೊದಲ ಕಾಂಚನ ಒಳಗ ಬರ್ತಾಳ್ರಿ. ಆಕಿ ಹಿಂದ ನಾವು."

ಸೂಪರ್‌ವೈಸರ್ ಒಳಗಿನ ಆಫೀಸಿನ ಕಡೆ ನೋಡಿದ. ಅಲ್ಲಿಂದ ಯಾವ ಸನ್ನೆಯೂ ಬರಲಿಲ್ಲ. ಗೇಟು ಮುಚ್ಚಿಯೇ ಇತ್ತು. ಹೆಂಗಸರು ಬುತ್ತಿ ಬಿಚ್ಚಿ, ರೊಟ್ಟಿ ಹಂಚಿಕೊಂಡು, ಗೇಟಿಗೆ ಅಡ್ಡವಾಗಿ ನೆಲದ ಮೇಲೆ ಕುಳಿತರು.